ಮರುಎಣಿಕೆ ಕೇಳುವ ಗಳಿಗೆ, ಗೋಡೆಗೆ ಅಂಟಿದ ಭಿತ್ತಿಪತ್ರ

ಸ್ಥಳೀಯ ಸಂಸ್ಥೆಗಳ ಚುನಾವಣೆಯ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ.

ಪ್ರಶ್ನೆ: 2020ರ ಡಿಸೆಂಬರ್‌ನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಅತ್ತಿಗೆಯವರು ಮೂರು ಮತಗಳಿಂದ ಸೋತರು. ಮತ್ತೊಮ್ಮೆ ಎಣಿಸಿ ಎಂದು ನಮ್ಮ ಏಜೆಂಟರು ಎರಡು ಮೂರು ಸಲ ಕೇಳಿಕೊಂಡರೂ ಅಧಿಕಾರಿಗಳು ಒಪ್ಪಲಿಲ್ಲ. ಒಂದೂವರೆ ತಿಂಗಳ ಮೇಲೆ ವಕೀಲರನ್ನು ಕಂಡಾಗ ಕಾಲ ಮೀರಿದೆ ಎಂದರು. ಅತ್ತಿಗೆಯವರು ಮತ್ತೆ ನಿಲ್ಲುವ ಮನಸ್ಸು ಮಾಡಿದ್ದಾರೆ. ಮರುಎಣಿಕೆ ಅಭ್ಯರ್ಥಿಯ ಹಕ್ಕಲ್ಲವೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮರುಎಣಿಕೆಯನ್ನು ಕೇಳುವುದು ಅಭ್ಯರ್ಥಿಯ ಹಕ್ಕು, ಆದರೆ ಕೇಳಿದವರಿಗೆಲ್ಲ ಅದನ್ನು ಕೊಡಲೇಬೇಕೆಂಬ ಕಟ್ಟುಪಾಡು ಚುನಾವಣಾಧಿಕಾರಿಗೆ ಇಲ್ಲ. ನಿಮ್ಮ ಅತ್ತಿಗೆಯವರ ಪ್ರಕರಣದಲ್ಲಿ ಎರಡು ಕಡೆ ಕೈತಪ್ಪಿದೆ. ಮೊದಲನೆಯದು, ನಿಮ್ಮ ಏಜೆಂಟರು ಬಾಯಿಮಾತಿನಲ್ಲಿ ಕೇಳಿದರು. ಎಣಿಕೆ ಮುಗಿದು ಪ್ರತಿ ಅಭ್ಯರ್ಥಿಗೆ ಬಿದ್ದ ಮತಗಳನ್ನು ಚುನಾವಣಾಧಿಕಾರಿ ಓದಿ ಹೇಳಿದ ನಂತರ, ಫಲಿತಾಂಶದ ನಮೂನೆಗೆ ಅವರು ಸಹಿ ಹಾಕುವುದಕ್ಕೆ ಮೊದಲು, ಅಭ್ಯರ್ಥಿಯಾಗಲಿ ಅವರ ಪರವಾಗಿ ಏಜೆಂಟರಾಗಲಿ ಲಿಖಿತ ಅರ್ಜಿ ಕೊಡಬೇಕು ಮತ್ತು ಮರುಎಣಿಕೆ ಏಕೆ ಬೇಕೆಂಬ ಕಾರಣವನ್ನು ಅದರಲ್ಲಿ ಹೇಳಬೇಕು. ಸಹಿ ಬಿದ್ದ ಮೇಲೆ ಎಣಿಕೆ ಕೇಂದ್ರದಲ್ಲಿ ಆ ಬಾಗಿಲು ಮುಚ್ಚಿದಂತೆಯೇ. ಅರ್ಜಿ ಲಿಖಿತವಾಗಿದ್ದರೆ ಅಧಿಕಾರಿ ಅದನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ಒಪ್ಪಬಹುದು, ಹುರುಳಿಲ್ಲವೆಂದು ಕಂಡರೆ ತಿರಸ್ಕರಿಸಲೂಬಹುದು. ಆದರೆ ಯಾವುದೇ ತೀರ್ಮಾನವನ್ನು ಕಾರಣಸಹಿತ ಬರವಣಿಗೆಯಲ್ಲಿಯೇ ಕೊಡಬೇಕಾಗುತ್ತದೆ. ಆ ಹಾಳೆಯೇ ಮುಂದೆ ನ್ಯಾಯಾಲಯದಲ್ಲಿ ನಿಮ್ಮ ಮೊದಲ ಸಾಕ್ಷ್ಯ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಬಂದರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ.

ಕಾರಣ ಎಂದರೆ ‘ಅಂತರ ಕಡಿಮೆ ಇದೆ’ ಎಂದಷ್ಟೇ ಬರೆದರೆ ಸಾಲದು. ಯಾವ ಮೇಜಿನಲ್ಲಿ, ಯಾವ ಮತಗಟ್ಟೆಯ ಕಟ್ಟಿನಲ್ಲಿ ಲೆಕ್ಕ ತಾಳೆಯಾಗಲಿಲ್ಲ, ಪೆಟ್ಟಿಗೆಯಿಂದ ಸಿಕ್ಕ ಮತಪತ್ರಗಳಿಗೂ ಮತಗಟ್ಟೆ ಅಧಿಕಾರಿ ಬರೆದುಕೊಟ್ಟ ಲೆಕ್ಕಕ್ಕೂ ಎಷ್ಟು ವ್ಯತ್ಯಾಸವಿತ್ತು, ಕುಲಗೆಟ್ಟವೆಂದು ಪಕ್ಕಕ್ಕಿಟ್ಟ ಮತಪತ್ರಗಳಲ್ಲಿ ಯಾವುದನ್ನು ನೀವು ಒಪ್ಪಲಿಲ್ಲ ಎಂಬುದನ್ನು ಬರೆಯಬೇಕು. ಗ್ರಾಮ ಪಂಚಾಯಿತಿಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಒಂದೇ ಕ್ಷೇತ್ರದಿಂದ ಎರಡು, ಮೂರು ಸದಸ್ಯರನ್ನು ಆರಿಸುವ ಕಡೆ ಮತದಾರರು ಸ್ಥಾನಗಳು ಎಷ್ಟಿವೆಯೋ ಅಷ್ಟು ಅಭ್ಯರ್ಥಿಗಳಿಗೆ, ಒಬ್ಬೊಬ್ಬರಿಗೆ ಒಂದರಂತೆ, ಮುದ್ರೆ ಒತ್ತಬಹುದು. ಅದಕ್ಕಿಂತ ಹೆಚ್ಚು ಒತ್ತಿದರೆ ಮತಪತ್ರ ಕೆಡುತ್ತದೆ. ಒಂದೇ ಹಾಳೆಯಲ್ಲಿ ಮೂರು ಗುರುತುಗಳನ್ನು ನೋಡಿ ಮೂರು ಹೆಸರುಗಳ ಮುಂದೆ ಗೆರೆ ಎಳೆಯುವ ಈ ಕೆಲಸದಲ್ಲಿ, ರಾತ್ರಿಯ ಹೊತ್ತಿಗೆ ದಣಿದ ಕಣ್ಣು ಒಂದು ಗೆರೆಯನ್ನು ಪಕ್ಕದ ಸಾಲಿಗೆ ಹಾಕಿಬಿಡುವುದು ಅಸಹಜವಲ್ಲ. ಆದ್ದರಿಂದ ಎಣಿಕೆ ಏಜೆಂಟರನ್ನು ನೇಮಿಸುವಾಗ ಗಟ್ಟಿ ದನಿಯವರಿಗಿಂತ ಕೈಯಲ್ಲಿ ಪುಸ್ತಕ ಹಿಡಿದು ಅಂಕಿ ಬರೆದುಕೊಳ್ಳುವವರನ್ನು ಹುಡುಕಿ ಎಂದು ಒತ್ತಿ ಹೇಳುತ್ತೇನೆ.

ಎರಡನೆಯದು ಕಾಲದ ಮಾತು. ಸಂವಿಧಾನದ 243-ಒ ವಿಧಿಯ ಪ್ರಕಾರ ಪಂಚಾಯಿತಿ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಬೇರೆ ರೀತಿಯಲ್ಲಿ ಪ್ರಶ್ನಿಸುವಂತಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಈ ಅರ್ಜಿಯನ್ನು ಫಲಿತಾಂಶ ಘೋಷಣೆಯಾದ 30 ದಿನಗಳ ಒಳಗೆ ಗೊತ್ತುಪಡಿಸಿದ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಅಭ್ಯರ್ಥಿಯೇ ಸಲ್ಲಿಸಬೇಕೆಂದಿಲ್ಲ, ಆ ಕ್ಷೇತ್ರದ ಮತದಾರರೂ ಸಲ್ಲಿಸಬಹುದು. ನ್ಯಾಯಾಲಯಗಳು ಈ ಗಡುವಿನ ವಿಷಯದಲ್ಲಿ ಕಟ್ಟುನಿಟ್ಟಾಗಿವೆ. ನಿಮ್ಮ ವಕೀಲರು ಹೇಳಿದ್ದು ಸರಿಯಾಗಿತ್ತು.

ಗಡುವಿನೊಳಗೆ ಹೋದರೂ ನ್ಯಾಯಾಲಯ ಕೂಡಲೇ ಪೆಟ್ಟಿಗೆ ತೆರೆಸುವುದಿಲ್ಲ. ಮತದಾನದ ಗೋಪ್ಯತೆಯನ್ನು ಕಾಪಾಡಬೇಕಾದ್ದರಿಂದ, ಖಚಿತ ಸಂಗತಿಗಳನ್ನು ಅರ್ಜಿಯಲ್ಲಿ ಹೇಳಿ, ಅವುಗಳಿಗೆ ಮೇಲ್ನೋಟದ ಆಧಾರ ತೋರಿಸಿದಾಗ ಮಾತ್ರ ಮತಪತ್ರಗಳ ಪರಿಶೀಲನೆಗೆ ಆದೇಶಿಸಬೇಕೆಂದು ಸುಪ್ರೀಂ ಕೋರ್ಟ್ 1964ರಲ್ಲಿಯೇ ಹೇಳಿದೆ. ಪೆಟ್ಟಿಗೆಯಲ್ಲಿ ಏನಾದರೂ ಸಿಕ್ಕೀತೆಂದು ಹುಡುಕಿ ನೋಡುವುದಕ್ಕೆ ಅವಕಾಶವಿಲ್ಲ.

ಆದರೂ ಛಲ ಬಿಡದವರಿಗೆ ನ್ಯಾಯ ಸಿಕ್ಕ ಉದಾಹರಣೆ ಇದೆ. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖೂ ಗ್ರಾಮದಲ್ಲಿ 2022ರ ನವೆಂಬರ್ 2ರಂದು ಸರಪಂಚ್ (ಗ್ರಾಮ ಪಂಚಾಯಿತಿಯ ಮುಖ್ಯಸ್ಥರು) ಚುನಾವಣೆ ನಡೆಯಿತು. ಸೋತವರೆಂದು ಘೋಷಿತರಾದ ಅಭ್ಯರ್ಥಿ ಮತಗಟ್ಟೆಯೊಂದರ ಲೆಕ್ಕವನ್ನು ಪ್ರಶ್ನಿಸಿ ಮೆಟ್ಟಿಲು ಮೆಟ್ಟಿಲಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಅಲ್ಲಿನ ರಿಜಿಸ್ಟ್ರಾರ್ 2025ರ ಆಗಸ್ಟ್ 6ರಂದು ಗ್ರಾಮದ ಮತಯಂತ್ರಗಳನ್ನೆಲ್ಲ ತರಿಸಿ ಎಣಿಸಿದಾಗ ಅರ್ಜಿದಾರರಿಗೆ 1,051 ಮತಗಳೂ ಅಷ್ಟು ದಿನ ಸರಪಂಚ್ ಆಗಿದ್ದವರಿಗೆ 1,000 ಮತಗಳೂ ಇರುವುದು ಕಂಡಿತು. ಐದು ವರ್ಷದ ಅವಧಿಯಲ್ಲಿ ಮೂವತ್ತಮೂರು ತಿಂಗಳು ಆ ಗ್ರಾಮವನ್ನು ಗೆಲ್ಲದವರು ಆಳಿದ್ದರು. ಎಣಿಕೆಯ ಮೇಜಿನ ಬಳಿಯೇ ಸರಿಪಡಿಸಬಹುದಾಗಿದ್ದ ತಪ್ಪಿಗೆ ಇಷ್ಟು ಕಾಲ ಹಿಡಿಯಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಪ್ರಶ್ನೆ: ಅಂತರ ಒಂದಂಕಿಯಲ್ಲಿದ್ದರೆ ತಾನಾಗಿಯೇ ಮರುಎಣಿಕೆ ಆಗುತ್ತದೆ ಎನ್ನುತ್ತಾರೆ. ನಿಜವೇ? ಸಮ ಬಂದರೆ ಏನು?
— ಓದುಗರೊಬ್ಬರು, ತುಮಕೂರು

ಉತ್ತರ: ನಿಜವಲ್ಲ. ಇಷ್ಟು ಮತಗಳಿಗಿಂತ ಅಂತರ ಕಡಿಮೆಯಾದರೆ ಎಲ್ಲ ಮತಗಳನ್ನೂ ತಾನಾಗಿಯೇ ಮತ್ತೆ ಎಣಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದವು. ಆ ಒಂದು ಮತದಿಂದಲೇ ಫಲಿತಾಂಶ ನಿಂತಿತು. ವಿಧಾನಸಭೆ ಮತ್ತು ಲೋಕಸಭೆಗೆ ಒಂದು ವಿಶೇಷ ಸೂಚನೆ ಇದೆ: ಗೆಲುವಿನ ಅಂತರವು ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಾದರೆ ಆ ತಿರಸ್ಕೃತ ಮತಗಳನ್ನು ಮರುಪರಿಶೀಲಿಸಲೇಬೇಕು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ತಡರಾತ್ರಿಯವರೆಗೆ ಎಳೆದು, ಕೊನೆಗೆ 16 ಮತಗಳ ಅಂತರದಲ್ಲಿ ತೀರ್ಮಾನವಾದಾಗ ವಾದವೆಲ್ಲ ನಡೆದದ್ದು ಈ ಅಂಚೆ ಮತಗಳ ಸುತ್ತಲೇ. ಮತಗಳು ಸಮವಾದರೆ ಚೀಟಿ ಎತ್ತಿ ತೀರ್ಮಾನಿಸಲಾಗುತ್ತದೆ.

ಪ್ರಶ್ನೆ: ನಮ್ಮ ಕಾಂಪೌಂಡ್ ಗೋಡೆಗೆ ಕಳೆದ ತಿಂಗಳಷ್ಟೇ ಬಣ್ಣ ಹೊಡೆಸಿದ್ದೆವು. ರಾತ್ರೋರಾತ್ರಿ ಯಾರೋ ಭಿತ್ತಿಪತ್ರ ಅಂಟಿಸಿ ಹೋಗಿದ್ದಾರೆ. ಕಿತ್ತರೆ ಜಗಳಕ್ಕೆ ಬರುತ್ತಾರೆಂಬ ಭಯ. ನಾನು ಒಂಟಿಯಾಗಿರುವ ನಿವೃತ್ತ ಶಿಕ್ಷಕಿ. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಭಯಪಡಬೇಡಿ ಅಮ್ಮಾ, ಕಾನೂನು ನಿಮ್ಮ ಕಡೆಗಿದೆ. ಕರ್ನಾಟಕ ತೆರೆದ ಸ್ಥಳಗಳ ವಿರೂಪಗೊಳಿಸುವಿಕೆ ತಡೆ ಕಾಯ್ದೆ 1981ರಿಂದಲೇ ಜಾರಿಯಲ್ಲಿದ್ದು, ಆರಂಭದಲ್ಲಿಯೇ ಅದು ಅನ್ವಯವಾದ ನಗರಗಳಲ್ಲಿ ಮೈಸೂರೂ ಒಂದು. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ಅಂಟಿಸುವುದು, ಬರೆಯುವುದು, ನಿಲ್ಲಿಸುವುದು ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಬೀದಿಯಲ್ಲಿ ಹೋಗುವವರಿಗೆ ಕಾಣುವ ಖಾಸಗಿ ಗೋಡೆ, ಬೇಲಿ, ಮರ ಕೂಡ ಈ ಕಾಯ್ದೆಯ ಅರ್ಥದಲ್ಲಿ ‘ಕಣ್ಣಿಗೆ ಬೀಳುವ ಜಾಗ’ವೇ ಆಗಿರುವುದರಿಂದ, ಮನೆಯವರು ಒಪ್ಪಿದರೂ ಅನುಮತಿ ಬೇಕಾಗುತ್ತದೆ; ನೀವಂತೂ ಒಪ್ಪಿಯೇ ಇಲ್ಲ.

ಮೊದಲು ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಭಿತ್ತಿಪತ್ರದ ಅಡಿಯಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇದೆಯೇ ನೋಡಿ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಅದಿಲ್ಲದೆ ಮುದ್ರಿಸುವುದೇ ಶಿಕ್ಷಾರ್ಹ. ನಂತರ ಪಾಲಿಕೆಯ ವಲಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕೀಳುವ ಕೆಲಸವನ್ನು ಅವರೇ ಮಾಡಲಿ. ಚುನಾವಣೆ ಘೋಷಣೆಯಾಗಿದ್ದರೆ ದೂರಿನ ಪ್ರತಿಯನ್ನು ಚುನಾವಣಾಧಿಕಾರಿಗೂ ಕೊಡಿ, ಏಕೆಂದರೆ ಆ ಪ್ರಚಾರದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕಾದದ್ದು. ಒಂದು ಗೊಂದಲವನ್ನು ಇಲ್ಲಿಯೇ ತಿಳಿಗೊಳಿಸುತ್ತೇನೆ: ಚುನಾವಣಾ ಅಕ್ರಮಗಳ ಬಗ್ಗೆ ದೂರು ಕೊಡುವ ಮೊಬೈಲಿನ ಸಿ-ವಿಜಿಲ್ ಆ್ಯಪ್, ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸುವ ಭಾರತ ಚುನಾವಣಾ ಆಯೋಗದ್ದು. ಪಂಚಾಯಿತಿ, ಪುರಸಭೆ, ಪಾಲಿಕೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದು ಬೇರೆಯೇ ಸಂಸ್ಥೆ. ಒಂದಕ್ಕೆ ಸೇರಿದ ದೂರನ್ನು ಇನ್ನೊಂದಕ್ಕೆ ಕಳಿಸಿ ಉತ್ತರಕ್ಕಾಗಿ ಕಾದು ಕುಳಿತವರನ್ನು ನಾನು ಕಂಡಿದ್ದೇನೆ. ಭಿತ್ತಿಪತ್ರದ ಬದಲು ಪ್ಲಾಸ್ಟಿಕ್ ಫ್ಲೆಕ್ಸ್ ಕಟ್ಟಿದ್ದರೆ ಅದು 2016ರ ಮಾರ್ಚ್‌ನಿಂದಲೇ ರಾಜ್ಯದಲ್ಲಿ ನಿಷಿದ್ಧ.

ಪ್ರಶ್ನೆ: ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನನ್ನ ಮನೆಯ ಮೇಲೆ ನನ್ನ ಪಕ್ಷದ ಬಾವುಟ ಕಟ್ಟಬಹುದೇ?
— ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದದ್ದು. ಅಭ್ಯರ್ಥಿಗೆ ಆಯೋಗವೇ ಮುಕ್ತ ಚಿಹ್ನೆಯೊಂದನ್ನು ಕೊಡುತ್ತದೆ. ಪಕ್ಷದ ಹೆಸರು, ಬಾವುಟ, ನಾಯಕರ ಭಾವಚಿತ್ರಗಳನ್ನು ಪ್ರಚಾರಕ್ಕೆ ಬಳಸುವಂತಿಲ್ಲ. ನೀವು ಯಾವ ಪಕ್ಷದವರೆಂಬುದು ನಿಮ್ಮ ಸ್ವಾತಂತ್ರ್ಯ. ಆದರೆ ಬಾವುಟದ ಕೆಳಗೆ ಅಭ್ಯರ್ಥಿಯ ಕರಪತ್ರ ಹಂಚಿದರೆ ಅದು ಪ್ರಚಾರವೇ ಆಗಿ ಅಭ್ಯರ್ಥಿಗೆ ತೊಂದರೆ ತರುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ, ಪುರಸಭೆ, ಪಾಲಿಕೆಗಳಲ್ಲಿ ಪಕ್ಷದ ಚಿಹ್ನೆ ಇರುವುದರಿಂದ ಅಲ್ಲಿನ ಮಾತು ಬೇರೆ.

ಪ್ರಶ್ನೆ: ಮತಗಟ್ಟೆಗೆ ಹೋದಾಗ ನನ್ನ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿದ್ದರು. ಸುಮ್ಮನೆ ವಾಪಸು ಬಂದೆ.
— ಓದುಗರೊಬ್ಬರು, ವಿಜಯಪುರ

ಉತ್ತರ: ಮುಂದಿನ ಸಲ ಹಾಗೆ ಬರಬೇಡಿ. ಮತಗಟ್ಟೆ ಅಧ್ಯಕ್ಷಾಧಿಕಾರಿಯನ್ನು ಕಂಡು ‘ಟೆಂಡರ್ಡ್ ಮತಪತ್ರ’ ಕೇಳಿ. ನಿಮ್ಮ ಗುರುತಿನ ಬಗ್ಗೆ ಅವರು ಕೇಳುವ ಪ್ರಶ್ನೆಗಳಿಗೆ ತೃಪ್ತಿಕರವಾಗಿ ಉತ್ತರಿಸಿದರೆ, ಪಟ್ಟಿಯಲ್ಲಿ ಸಹಿ ಪಡೆದು ಮತಪತ್ರ ಕೊಡುತ್ತಾರೆ. ಅದು ಪೆಟ್ಟಿಗೆಗೆ ಬೀಳದೆ ಪ್ರತ್ಯೇಕ ಲಕೋಟೆಯಲ್ಲಿ ಉಳಿಯುತ್ತದೆ. ಎಣಿಕೆಯ ದಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಾವೇರಿಯ ಅತ್ತಿಗೆಯವರಂತೆ ಯಾರಾದರೂ ಮೂರು ಮತಗಳಿಂದ ಸೋತು 30 ದಿನಗಳೊಳಗೆ ನ್ಯಾಯಾಲಯಕ್ಕೆ ಹೋದರೆ, ನಿಜವಾದ ಮತದಾರರು ಬೇರೆಯಿದ್ದರೆಂದು ತೋರಿಸಲು ಅವರಿಗೆ ಒದಗುವುದು ಆ ಲಕೋಟೆ ಮತ್ತು ಪಟ್ಟಿಯಲ್ಲಿರುವ ನಿಮ್ಮ ಸಹಿ.