ಮಾವುತನಿಗೂ ‘ಮಹೌಟ್’ಗೂ ಏನು ನಂಟು?

ಪ್ರಶ್ನೆ: ಆನೆ ನೋಡಿಕೊಳ್ಳುವವನಿಗೆ ಇಂಗ್ಲಿಷ್‌ನಲ್ಲಿ ‘ಮಹೌಟ್’ ಎನ್ನುತ್ತಾರೆ. ಅದು ನಮ್ಮ ‘ಮಾವುತ’ನಿಂದ ಹೋದದ್ದೇ?

ಉತ್ತರ: ನೇರವಾಗಿ ಅಲ್ಲ. ಎರಡೂ ಒಂದೇ ಬೇರಿನ ಪದಗಳು. ಇಂಗ್ಲಿಷಿನವರು 1660ರ ದಶಕದಲ್ಲಿ ಎತ್ತಿಕೊಂಡದ್ದು ಹಿಂದಿಯ ‘ಮಹಾವತ್’, ‘ಮಹಾಉತ್’ ರೂಪಗಳನ್ನು. ಬೇರು ಸಂಸ್ಕೃತದ ‘ಮಹಾಮಾತ್ರ’. ಮಾತ್ರಾ ಎಂದರೆ ಅಳತೆ. ಮಹಾಮಾತ್ರ ಎಂದರೆ ದೊಡ್ಡ ಅಳತೆಯವನು, ಅಂದರೆ ರಾಜನ ಹಿರಿಯ ಅಧಿಕಾರಿ.

ಪದ ಸವೆದ ದಾರಿ ಸ್ಪಷ್ಟವಾಗಿದೆ. ಪ್ರಾಕೃತದಲ್ಲಿ ‘ತ್ರ’ ಹೋಗಿ ‘ತ್ತ’ ಬಂತು, ಪುತ್ರ ಪುತ್ತನಾದಂತೆ. ಆಮೇಲೆ ಸ್ವರಗಳ ನಡುವಿನ ‘ಮ’ ‘ವ’ ಆಯಿತು. ಗ್ರಾಮ ‘ಗಾಂವ್’ ಆದದ್ದೂ ಹೀಗೆಯೇ. ಒತ್ತಕ್ಷರ ಸಡಿಲಗೊಂಡು ‘ಮಹಾವತ್’ ಉಳಿಯಿತು, ‘ವ’ ಇನ್ನೂ ಕರಗಿ ‘ಮಹಾಉತ್’ ಆಯಿತು. ಕನ್ನಡದ ‘ಮಾವುತ’ದಲ್ಲಿ ‘ಹ’ವೂ ಬಿದ್ದುಹೋಗಿದೆ. ಸದ್ದು ಹತ್ತಿರವಿದೆಯೆಂದು ಇದನ್ನು ‘ಮಾವ’ನಿಗೆ ಗಂಟುಹಾಕಬಾರದು, ಆ ಪದವೇ ಬೇರೆ.

ಮೂಲ ಅರ್ಥಕ್ಕೆ ಸಾಕ್ಷಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಬ್ರಹ್ಮಗಿರಿಯ ಅಶೋಕ ಶಾಸನ ಮೌರ್ಯರ ಪ್ರಾಂತೀಯ ರಾಜಧಾನಿ ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ‘ಮಹಾಮಾತ’ರಿಗೆ (ಮಹಾಮಾತ್ರದ ಪ್ರಾಕೃತ ರೂಪ) ಬಂದ ಆಜ್ಞೆ. ಅವರು ಆಡಳಿತಗಾರರು, ಆನೆಯ ಮಾತೇ ಅಲ್ಲಿಲ್ಲ. ಹಳೆಯ ಸಂಸ್ಕೃತ ಪದಕೋಶವಾದ ಅಮರಕೋಶವೂ ಮಹಾಮಾತ್ರರನ್ನು ಪ್ರಧಾನರ ಸಾಲಿನಲ್ಲಿಟ್ಟು, ಆನೆಯವನಿಗೆ ಆಧೋರಣ, ಹಸ್ತಿಪಕ, ಹಸ್ತ್ಯಾರೋಹ, ನಿಷಾದಿ ಎಂಬ ಬೇರೆ ಹೆಸರುಗಳನ್ನು ಕೊಡುತ್ತದೆ. ಸಂಸ್ಕೃತ ನಿಘಂಟುಗಳಲ್ಲಿ ಮಹಾಮಾತ್ರನಿಗೆ ‘ಆನೆಗಳ ಮೇಲ್ವಿಚಾರಕ’ ಎಂಬ ಅರ್ಥವೂ ಸಿಗುತ್ತದೆ. ಮಂತ್ರಿಯ ಪದವಿ ಆನೆಯ ಕತ್ತಿನ ಮೇಲೆ ಬಂದು ಕೂತದ್ದು ಆ ಮೆಟ್ಟಿಲಿನ ಮೂಲಕ. ಆನೆಯಂಥ ಪ್ರಾಣಿಯನ್ನು ಮಾತಿನಲ್ಲಿ, ಕಾಲ್ಬೆರಳಿನ ಒತ್ತಿನಲ್ಲಿ ನಡೆಸುವವನಿಗೆ ಆ ಹೆಸರು ದೊಡ್ಡದೇನಲ್ಲ.

ಪ್ರಶ್ನೆ: ಹೀಗೆ ಅಧಿಕಾರಿಯ ಹೆಸರು ಪ್ರಾಣಿ ಸಾಕುವವನಿಗೆ ಬಂದ ಬೇರೆ ಉದಾಹರಣೆ ಇದೆಯೇ?

ಉತ್ತರ: ತಿರುಗುಮುರುಗಾದದ್ದೇ ಹೆಚ್ಚು ಸಿಗುತ್ತದೆ. ‘ಮಾರ್ಷಲ್’ ಹಳೆಯ ಜರ್ಮಾನಿಕ್ ಪದ: ‘ಮರ್ಹ’ ಕುದುರೆ, ‘ಸ್ಕಾಲ್ಕ್’ ಆಳು. ಲಾಯದ ಆಳು ಸೇನಾಧಿಪತಿಯಾದ. ‘ಕಾನ್‌ಸ್ಟೇಬಲ್’ ಲ್ಯಾಟಿನ್ನಿನ ‘ಕೊಮೆಸ್ ಸ್ತಾಬುಲಿ’, ಅಂದರೆ ಲಾಯದ ಅಧಿಕಾರಿ. ಕುದುರೆಯಾಳಿಗೆ ಇಂಗ್ಲಿಷ್ ಹಿಂದೂಸ್ತಾನಿಯ ಮೂಲಕ ಪಡೆದ ‘ಸೈಸ್’ ಅರಬ್ಬಿಯ ‘ಸಾಇಸ್’. ಅದೇ ಧಾತುವಿನಿಂದ ಅರಬ್ಬಿಯಲ್ಲಿ ‘ಸಿಯಾಸಾ’ ಹುಟ್ಟಿದೆ: ಅರ್ಥ, ರಾಜಕಾರಣ.