ಮರುಭೂಮಿಯ ಮಣ್ಣಿನ ಮನೆಯಲ್ಲಿ ಇದ್ದು ಬಂದರೆ ಚಿತ್ರ ಬರೆಯೋಕೆ ಸ್ಫೂರ್ತಿ ಸಿಗುತ್ತಾ?

ಖಂಡಿತ ಸಿಗುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತರೆ ಕೈ ಓಡುತ್ತಿಲ್ಲ, ಮರಳು, ಸೂರ್ಯಾಸ್ತ, ಒಂಟೆ ನೋಡಿದರೆ ಸರಿಹೋಗಬಹುದಾ ಅಂತ ಕೇಳಿದ್ದೀರಿ. ನನಗೆ ಸ್ಫೂರ್ತಿ ಕೊಟ್ಟಿದ್ದು ಅವ್ಯಾವುವೂ ಅಲ್ಲ, ಮನೆಯ ಗೋಡೆ.

ನಾನೂ ಬೆಂಗಳೂರಿನಲ್ಲೇ ಚಿತ್ರ ಬರೆಯುವವಳು. ಗುಜರಾತಿನ ಕಛ್‌ನಲ್ಲಿ, ಬನ್ನಿ ಹುಲ್ಲುಗಾವಲಿನ ಒಂದು ಹಳ್ಳಿಯಲ್ಲಿ, ಭುಂಗಾದಲ್ಲಿ ಉಳಿದಿದ್ದೆ. ದುಂಡನೆಯ ಮಣ್ಣಿನ ಮನೆ ಅದು. ದಪ್ಪ ಗೋಡೆ, ಪುಟ್ಟ ಕಿಟಕಿ, ಮೇಲೆ ಚೂಪಾದ ಹುಲ್ಲಿನ ಚಾವಣಿ. 2001ರ ಭೂಕಂಪದಲ್ಲಿ ಎಷ್ಟೋ ಕಟ್ಟಡಗಳು ಕುಸಿದಾಗಲೂ ಇಂಥ ಬಹಳಷ್ಟು ಮನೆಗಳು ನಿಂತವು. ಮೂಲೆಗಳಿಲ್ಲದ ದುಂಡು ಗೋಡೆ ಅಲುಗಾಟವನ್ನು ಸುತ್ತಲೂ ಹಂಚಿಕೊಳ್ಳುತ್ತದೆ. ಬೆಳಕಿನ ವಿಷಯದಲ್ಲೂ ಹಾಗೇ. ನಮ್ಮ ಮನೆಗಳಲ್ಲಿ ಬೆಳಕು ಮೂಲೆಗೆ ಬಂದು ತುಂಡಾಗುತ್ತದೆ. ಅಲ್ಲಿ ಅದು ಗೋಡೆ ಹಿಡಿದು ಸರಿಯುತ್ತಾ ಸರಿಯುತ್ತಾ ನೆರಳಾಗಿಬಿಡುತ್ತದೆ.

ಗೋಡೆಯ ಮೇಲೆ ಲಿಪ್ಪಣ್ ಕೆಲಸ ಇರುತ್ತದೆ. ಜರಡಿ ಹಿಡಿದ ಮಣ್ಣಿಗೆ ಸಗಣಿ ಬೆರೆಸಿ, ಕೋಡುಬಳೆ ಹಿಟ್ಟಿನ ಹಾಗೆ ಹೊಸೆದು, ಆ ಎಳೆಯನ್ನು ಗೋಡೆಗೆ ಅಂಟಿಸುತ್ತಾ ಹೋಗುತ್ತಾರೆ. ಹಸಿ ಇರುವಾಗಲೇ ಕನ್ನಡಿ ಚೂರು ಒತ್ತುತ್ತಾರೆ. ಹತ್ತಿರ ಹೋಗಿ ನೋಡಿ. ಎರಡು ಕನ್ನಡಿಗಳ ನಡುವೆ ಹೆಬ್ಬೆರಳು ಒತ್ತಿದ ತಗ್ಗು ಕಾಣುತ್ತದೆ. ಒಂದು ಕಡೆ ಆಳ, ಇನ್ನೊಂದು ಕಡೆ ತೆಳು. ಗೆರೆ ಅಷ್ಟು ನೇರವಾಗಿಲ್ಲ, ಆದರೂ ಎಲ್ಲೂ ತಡವರಿಸಿಲ್ಲ. ಪೆನ್ಸಿಲ್ ಗುರುತು, ಅಳತೆ ಯಾವುದೂ ಇಲ್ಲದೆ ಹೆಂಗಸರು ಮಾಡುವ ಕೆಲಸ ಇದು. ನಾನು ಅಲ್ಲಿ ಬರೆದದ್ದರಲ್ಲಿ ಜಾಸ್ತಿ ಪಾಲು ಆ ಗೆರೆಗಳದ್ದೇ. ಅಲ್ಲಿನ ಉಪ್ಪಿನ ಮರುಭೂಮಿ ರಣ್ ನೋಡಲು ಹೋಗಿದ್ದು ಆಮೇಲೆ.

ಅಮೆರಿಕದ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ ಬಗ್ಗೆ ಓದಿ. ನ್ಯೂ ಮೆಕ್ಸಿಕೋದ ಅಬಿಕ್ಯೂ ಊರಿನಲ್ಲಿ ಪಾಳುಬಿದ್ದ ಮಣ್ಣಿನ ಮನೆಯೊಂದನ್ನು ಆಕೆ 1945ರಲ್ಲಿ ಕೊಂಡರು. ಅದನ್ನು ರಿಪೇರಿ ಮಾಡಿಸಲು ವರ್ಷಗಳೇ ಹಿಡಿದವು. ಸುತ್ತ ಬೆಟ್ಟ, ಬಯಲು ಎಲ್ಲಾ ಇತ್ತು, ಅವನ್ನೂ ಬರೆದರು. ಆದರೆ ಆ ಮನೆಯ ಅಂಗಳದ ಗೋಡೆಯಲ್ಲಿದ್ದ ಒಂದು ಕಪ್ಪು ಬಾಗಿಲನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಬರೆದರು. ಒಂದು ಗೋಡೆ, ಒಂದು ಬಾಗಿಲು, ಅಷ್ಟೇ. ಸಾಮಾನು ಕಡಿಮೆ ಇರುವ ಕಡೆ ಕಣ್ಣಿಗೆ ಓಡಿಹೋಗಲು ಜಾಗ ಇರುವುದಿಲ್ಲ, ಅಲ್ವಾ? ನೋಡಿದ್ದನ್ನೇ ನೋಡಬೇಕಾಗುತ್ತದೆ. ಮಣ್ಣಿನ ಮನೆ ಕೊಡುವ ದೊಡ್ಡ ಸಹಾಯ ಅದೇ ಅಂತ ನನ್ನ ನಂಬಿಕೆ.

ಕಛ್‌ಗೆ ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಬೇಸಿಗೆ ಬೇಡ. ಅಲ್ಲಿನ ಮುಖ್ಯ ಪಟ್ಟಣ ಭುಜ್‌ನಿಂದ ಮುಂದಕ್ಕೆ ರಸ್ತೆಯಲ್ಲೇ ಹೋಗಬೇಕು. ಬಿಳಿ ರಣ್‌ಗೆ ಪರ್ಮಿಟ್ ಬೇಕು. ಮಣ್ಣು ಮೆತ್ತಿದಂತೆ ಕಾಣುವ ಸಿಮೆಂಟ್ ರೆಸಾರ್ಟ್‌ಗಳೂ ಇವೆ, ಬುಕ್ ಮಾಡುವ ಮುಂಚೆ ಕೇಳಿ. ಒಂದೇ ಕಡೆ ಉಳಿಯಿರಿ, ದಿನಕ್ಕೊಂದು ಊರು ಸುತ್ತಬೇಡಿ.

ಅಷ್ಟು ರಜೆ ಸಿಗದಿದ್ದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೋಗಿ. ಅಲ್ಲಿನ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಮರುಭೂಮಿ ಅಲ್ಲ, ಮಳೆ ಸುರಿಯುವ ಮಲೆನಾಡು. ಆದರೆ ಅನುಮತಿ ಕೇಳಿ ಅವರ ಪಕ್ಕದಲ್ಲಿ ಒಂದು ಬೆಳಿಗ್ಗೆ ಕೂತರೆ, ನೀವು ಹುಡುಕುತ್ತಿರುವ ಗೆರೆ ಅಲ್ಲೂ ಸಿಗುತ್ತದೆ.