ಒಂದೇ ಮನೆಯಲ್ಲಿ ಎರಡು ಕಾಮಣಿ

ಮುಧೋಳ ತಾಲ್ಲೂಕಿನ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಇಷ್ಟು. ಅವರ ಹಿರಿಯ ಮಗನಿಗೆ ಎರಡು ವಾರಗಳಿಂದ ಕಾಮಣಿಯಾಗಿದೆ. ಅದೇ ಓಣಿಯಲ್ಲಿ ಇನ್ನೂ ಆರೇಳು ಜನರ ಕಣ್ಣು ಹಳದಿಯಾಗಿವೆ. ಹಿರಿಯ ಸೊಸೆ ಏಳು ತಿಂಗಳ ಬಸುರಿ. ಇದರ ನಡುವೆ, ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು ಬಂದ ಕಿರಿಯ ಮಗನಿಗೆ ‘ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ’ ಎಂಬ ತಿಳಿವಳಿಕೆ ಬಂದಿದೆ. ಅವನಿಗೆ ಯಾವ ತೊಂದರೆಯೂ ಇಲ್ಲ, ಮದುವೆಯೂ ಗೊತ್ತಾಗಿದೆ. ಅಣ್ಣನ ರೋಗವೇ ತಮ್ಮನಿಗೆ ಅಂಟಿತೆಂದು ಭಾವಿಸಿ ಮನೆಯವರು ತಮ್ಮನ ತಾಟು, ಲೋಟ, ಹಾಸಿಗೆಗಳನ್ನು ಬೇರೆ ಮಾಡಿದ್ದಾರೆ. ಅಣ್ಣನಿಗೆ ಪಕ್ಕದ ಊರಿನಲ್ಲಿ ಮೂಗಿಗೆ ಔಷಧ ಹಿಂಡಿಸಿಕೊಂಡು ಬಂದಿದ್ದಾರೆ. ಮಾಡಿದ್ದು ಸರಿಯೇ, ಬಸುರಿಗೆ ಅಪಾಯವೇ, ಮದುವೆ ನಡೆಸಬಹುದೇ ಎಂದು ಆ ತಾಯಿ ಕೇಳಿದ್ದಾರೆ. ಅವರ ಕೋರಿಕೆಯಂತೆ ಹೆಸರು ಮತ್ತು ಊರನ್ನು ಬಿಟ್ಟಿದ್ದೇವೆ.

ಮಾನ್ಯರೇ,

ತಮ್ಮ ಮನೆಯಲ್ಲಿ ಭಯ ಹುಟ್ಟಿರುವುದು ಸಹಜವೇ ಆಗಿದೆ, ಆದರೆ ಅದು ಬೀಳಬಾರದ ಮಗನ ಮೇಲೆ ಬಿದ್ದಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಕಿರಿಯ ಮಗನ ತಾಟಿನಿಂದ ಯಾರಿಗೂ ಏನೂ ಬರುವುದಿಲ್ಲ. ಹಿರಿಯ ಮಗನಿಗೆ ಬಂದಿರುವ ಕಾಮಣಿ ಮಾತ್ರ, ಅದು ಬಂದ ದಾರಿಯಿಂದಲೇ, ಮನೆಯ ಇನ್ನಿಬ್ಬರಿಗೆ ಹೆಚ್ಚಿನ ಕೇಡು ಮಾಡಬಲ್ಲದು: ಒಬ್ಬರು ಬಸುರಿ ಸೊಸೆ, ಇನ್ನೊಬ್ಬರು ತಾವು ದೂರವಿಟ್ಟಿರುವ ಅದೇ ಕಿರಿಯ ಮಗ.

ಯಕೃತ್ತಿಗೆ ಉರಿಯೂತ, ಅಂದರೆ ಹೆಪಟೈಟಿಸ್, ತರುವ ವೈರಸ್‌ಗಳಲ್ಲಿ ಎ, ಬಿ, ಸಿ, ಡಿ, ಇ ಎಂಬ ಐದು ಮುಖ್ಯವಾದವು. ಇವುಗಳಲ್ಲಿ ಎ ಮತ್ತು ಇ ರೋಗಿಯ ಮಲದಿಂದ ನೀರು, ಆಹಾರ ಮತ್ತು ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತವೆ. ಬಿ, ಸಿ, ಡಿ ಹರಡುವುದು ರಕ್ತದಿಂದ. ಬಿ ವೈರಸ್ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ಹೋಗುತ್ತದೆ. ಕಣ್ಣು ಹಳದಿಯಾಗುವುದು ಬಿಲಿರುಬಿನ್ ಎಂಬ ಬಣ್ಣದ ವಸ್ತು ರಕ್ತದಲ್ಲಿ ಹೆಚ್ಚಿದ್ದರ ಗುರುತು ಮಾತ್ರ. ಅದು ಐದರಲ್ಲಿ ಯಾವುದರಿಂದಲೂ ಬರಬಹುದು. ಬಿ ಮತ್ತು ಸಿ ಸೋಂಕು ಇದ್ದವರಲ್ಲಿ ಹತ್ತಾರು ವರ್ಷ ಬಾರದೆಯೂ ಇರಬಹುದು.

ಒಂದೇ ಓಣಿಯಲ್ಲಿ ಇಷ್ಟು ಜನ ಒಟ್ಟಿಗೆ ಮಲಗಿದ್ದಾರೆ ಎಂದರೆ ಮೊದಲು ಅನುಮಾನ ಪಡಬೇಕಾದದ್ದು ನೀರನ್ನು. ನಾಲ್ಕೈದು ದಿನಕ್ಕೊಮ್ಮೆ ನಳ ಬರುತ್ತದೆ, ಒತ್ತಡ ಸಾಲದೆ ಎಲ್ಲರೂ ಮನೆ ಮುಂದೆ ಗುಂಡಿ ತೋಡಿ ನಳವನ್ನು ಕೆಳಗಿಳಿಸಿದ್ದಾರೆ ಎಂದು ತಾವು ಬೇರೆಯೇ ಸಂದರ್ಭದಲ್ಲಿ ಒಂದು ಸಾಲು ಬರೆದಿದ್ದೀರಿ. ನಮ್ಮ ಓದಿಗೆ ಇಡೀ ಪತ್ರದಲ್ಲಿ ಮುಖ್ಯವಾದ ಸಾಲು ಅದೇ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಊರುಗಳಲ್ಲಿ ಓಡಾಡಿದವರೆಲ್ಲ ಆ ಗುಂಡಿಗಳನ್ನು ನೋಡಿರುತ್ತಾರೆ: ಮೊಣಕಾಲುದ್ದದ ಆಳ, ತಳದಲ್ಲಿ ಪಾಚಿಗಟ್ಟಿದ ನೀರು, ಮುಚ್ಚಳವಿಲ್ಲದ ಪೈಪಿನ ಬಾಯಿ, ಅದಕ್ಕೆ ಸುತ್ತಿದ ಬಟ್ಟೆಯ ತುಂಡು, ಒಂದು ಗೇಣು ಆಚೆ ಗಟಾರ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡವಿರುವುದರಿಂದ ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ನೀರು ನಿಂತೊಡನೆ ಪೈಪು ಬರಿದಾಗಿ, ಗುಂಡಿಯ ನೀರು ಆ ಬಾಯಿಯಿಂದಲೂ, ಗಟಾರದ ನೀರು ಸೋರುವ ಜೋಡಣೆಗಳಿಂದಲೂ ಒಳಗೆ ನುಗ್ಗುತ್ತದೆ. ಯಾರಾದರೂ ಮೋಟಾರು ಹಚ್ಚಿ ಎಳೆದರಂತೂ ಕೇಳುವುದೇ ಬೇಡ. ಬೆಳಗಾವಿಯ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೆ ದಿನದ ಇಪ್ಪತ್ನಾಲ್ಕು ಗಂಟೆ ನೀರು ಕೊಡುವ ವ್ಯವಸ್ಥೆಯಾದಾಗ ಅದನ್ನು ಸೌಕರ್ಯವೆಂದಷ್ಟೇ ಹೊಗಳಿದವರು ಹೆಚ್ಚು. ಪೈಪು ಎಂದೂ ಬರಿದಾಗದಿರುವುದು ಆರೋಗ್ಯದ ಮಾತು ಕೂಡ ಹೌದು.

ಇದು ಸಣ್ಣ ಊರುಗಳಿಗಷ್ಟೇ ಬರುವ ಕಷ್ಟವಲ್ಲ. 1955–56ರಲ್ಲಿ ದೆಹಲಿಯಲ್ಲಿ ಚರಂಡಿ ನೀರು ಯಮುನೆಯ ಮೂಲಕ ಕುಡಿಯುವ ನೀರಿಗೆ ಸೇರಿ ಸುಮಾರು 29 ಸಾವಿರ ಜನರಿಗೆ ಕಾಮಣಿಯಾಯಿತು. ನೀರಿಗೆ ಕ್ಲೋರಿನ್ ಹಾಕಿದ್ದರಿಂದ ವಿಷಮಶೀತಜ್ವರ (ಟೈಫಾಯಿಡ್) ಹೆಚ್ಚಲಿಲ್ಲ, ವೈರಸ್ ಮಾತ್ರ ಉಳಿದುಕೊಂಡಿತ್ತು. ಅದು ಇ ವೈರಸ್ಸಿನ ಹಾವಳಿಯಾಗಿತ್ತೆಂದು ತಿಳಿದದ್ದು ದಶಕಗಳ ನಂತರ, ಕಾದಿರಿಸಿದ್ದ ರಕ್ತದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಎ ವೈರಸ್ ದೇಹ ಸೇರಿದ ಎರಡರಿಂದ ಏಳು ವಾರಗಳ ನಂತರ, ಇ ವೈರಸ್ ಎರಡರಿಂದ ಹತ್ತು ವಾರಗಳ ನಂತರ ರೋಗವಾಗಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಈ ವಾರದ ನೀರನ್ನು ಪರೀಕ್ಷೆಗೆ ಕಳುಹಿಸಿ ‘ಶುದ್ಧವಾಗಿದೆ’ ಎಂಬ ಉತ್ತರ ಬಂದರೆ ಸಮಾಧಾನ ಪಡುವಂತಿಲ್ಲ. ಒಂದೆರಡು ತಿಂಗಳ ಹಿಂದೆ ಪೈಪು ಒಡೆದಿತ್ತೇ, ನೀರು ಕಲಕಾಗಿ ಅಥವಾ ವಾಸನೆಯಾಗಿ ಬಂದಿತ್ತೇ ಎಂದು ಓಣಿಯವರನ್ನು ಕೇಳಬೇಕು. ಓಣಿಯ ಏಳೆಂಟು ರೋಗಿಗಳ ವಿಷಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮತ್ತು ಸ್ಥಳೀಯ ಆಡಳಿತಕ್ಕೆ ಇಂದೇ ಬರೆದು ಕೊಡಿ.

ಅಲ್ಲಿಯವರೆಗೆ ಕುಡಿಯುವ ನೀರನ್ನು ಕುದಿಸಲೇಬೇಕು. ಹಂಡೆಯಲ್ಲಿ ಬಿಸಿಯಾದರೆ ಸಾಲದು, ನೀರು ಕೊತಕೊತನೆ ಕುದಿದು ಒಂದೆರಡು ನಿಮಿಷವಾದರೂ ಹಾಗೆಯೇ ಇರಬೇಕು. ಬಟ್ಟೆಯಲ್ಲಿ ಸೋಸುವುದು ಮಣ್ಣನ್ನು ತಡೆಯುತ್ತದೆಯೇ ಹೊರತು ವೈರಸ್ಸನ್ನಲ್ಲ. ಮನೆಯ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುವುದಾದರೆ ಸಾವಿರ ಲೀಟರ್ ತಿಳಿನೀರಿಗೆ ಒಳ್ಳೆಯ ಪುಡಿ ಸುಮಾರು ಎರಡೂವರೆ ಗ್ರಾಂ ಬೇಕಾಗುತ್ತದೆ, ಹಾಕಿದ ಮೇಲೆ ಒಂದು ಗಂಟೆ ಬಿಡಬೇಕು. ಕಲಕು ನೀರಿಗೆ ಈ ಲೆಕ್ಕ ಸಾಲುವುದಿಲ್ಲ. ಶೌಚದ ನಂತರ ಮತ್ತು ರೊಟ್ಟಿ ಬಡಿಯುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ಕೊರೋನಾ ಕಾಲದಲ್ಲಿ ರೂಢಿಯಾದ ಸ್ಯಾನಿಟೈಸರ್ ಎ ವೈರಸ್ಸಿನ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹಿರಿಯ ಮಗ ಸದ್ಯಕ್ಕೆ ಅಡುಗೆಗೆ, ಬಡಿಸುವುದಕ್ಕೆ ಕೈ ಹಾಕದಿರಲಿ.

ಮೂಗಿನ ಔಷಧದ ವಿಷಯ. ಕಹಿಯಾದ ಸಸ್ಯರಸವನ್ನು ಮೂಗಿಗೆ ಹಿಂಡಿದಾಗ ಒಳಪೊರೆ ಕೆರಳಿ ಹಳದಿ ನೀರು ಧಾರೆಯಾಗಿ ಇಳಿಯುತ್ತದೆ, ನೋಡಿದವರು ಕಾಮಣಿಯೇ ಇಳಿಯಿತೆಂದುಕೊಳ್ಳುತ್ತಾರೆ. ಆ ನೀರು ಮೂಗಿನದು. ಯಕೃತ್ತಿನಲ್ಲಿರುವ ರೋಗ ಮೂಗಿನಿಂದ ಹೊರಬರುವ ದಾರಿಯಿಲ್ಲ. ಎ ಮತ್ತು ಇ ಸೋಂಕು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಅದರ ಕೀರ್ತಿ ಮಾತ್ರ ಔಷಧ ಹಿಂಡಿದವರಿಗೋ ಬರೆ ಹಾಕಿದವರಿಗೋ ಸಲ್ಲುತ್ತದೆ. ನಮ್ಮ ಪತ್ರಿಕೆಗೂ ಇಂಥ ಜಾಹೀರಾತುಗಳು ಬರುತ್ತವೆ, ನಾವು ಹಾಕುವುದಿಲ್ಲ. ಯಕೃತ್ತು ಸೊರಗಿರುವಾಗ ಏನು ಬೆರೆಸಿದ್ದಾರೆಂದು ತಿಳಿಯದ ಬೇರು, ಭಸ್ಮಗಳು ಅದಕ್ಕೆ ಇನ್ನಷ್ಟು ಹೊರೆಯಾಗಬಹುದು; ಜ್ವರದ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಕೊಡಬಾರದು, ಮದ್ಯವನ್ನಂತೂ ಮುಟ್ಟಬಾರದು. ಪಥ್ಯದ ಹೆಸರಿನಲ್ಲಿ ಎಣ್ಣೆ, ಅರಿಶಿನ, ಬೇಳೆ ಎಲ್ಲವನ್ನೂ ಬಿಡಿಸಿ ಬರೀ ಮಜ್ಜಿಗೆ ಅನ್ನ ಕೊಡುತ್ತಿದ್ದೀರಿ. ಅದರ ಅಗತ್ಯವಿಲ್ಲ. ಅರಿಶಿನ ತಿಂದು ಕಾಮಣಿ ಹೆಚ್ಚುವುದಿಲ್ಲ, ವಾಕರಿಕೆ ಇಲ್ಲದಾಗ ರೊಟ್ಟಿ, ಬೇಳೆ, ಪಲ್ಯ ತಿನ್ನಲಿ. ಕಬ್ಬಿನ ಹಾಲು ಕುಡಿಸಿದರೆ ಕಾಮಣಿ ಇಳಿಯುತ್ತದೆ ಎನ್ನುತ್ತಾರೆ. ನಮ್ಮ ರಸ್ತೆಬದಿಯ ಗಾಣಗಳಲ್ಲಿ ಅದಕ್ಕೆ ಹಾಕುವ ಐಸು ಯಾವ ನೀರಿನದೆಂದು ಯಾರೂ ಕೇಳುವುದಿಲ್ಲ. ಮಗನಿಗೆ ವಾಂತಿ ನಿಲ್ಲದಿದ್ದರೆ, ಹಗಲು ಮಂಪರು ಕವಿದು ರಾತ್ರಿ ಎಚ್ಚರವಿದ್ದರೆ, ಮಾತು ತಪ್ಪಿದರೆ, ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ, ಬೆಳಗಾಗುವವರೆಗೂ ಕಾಯದೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ಸೊಸೆಯ ವಿಷಯದಲ್ಲಿ ತಮ್ಮನ್ನು ಹೆದರಿಸಲು ಮನಸ್ಸಿಲ್ಲ, ಆದರೆ ಮುಚ್ಚಿಟ್ಟು ಬರೆಯುವಂತೆಯೂ ಇಲ್ಲ. ಬೇರೆಯವರಲ್ಲಿ ಸಾಮಾನ್ಯವಾಗಿ ತಾನಾಗಿ ಹೋಗುವ ಇ ಸೋಂಕು, ಗರ್ಭಿಣಿಯ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರರಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ತಾಯಂದಿರ ಜೀವಕ್ಕೆ ಎರವಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಮ್ಮ ಸೊಸೆ ಈಗ ಇರುವುದು ಆ ಅವಧಿಯಲ್ಲಿಯೇ. ಇ ವೈರಸ್ಸಿಗೆ 2011ರಲ್ಲಿ ಚೀನಾ ಒಂದು ಲಸಿಕೆಗೆ ಪರವಾನಗಿ ಕೊಟ್ಟಿದ್ದರೂ ನಮ್ಮಲ್ಲಿ ಅದು ವಾಡಿಕೆಯಲ್ಲಿಲ್ಲ, ಆದ್ದರಿಂದ ನೀರೇ ಅವರಿಗಿರುವ ರಕ್ಷಣೆ. ಸಾಧ್ಯವಿದ್ದರೆ ಓಣಿಯ ಹಾವಳಿ ತಣಿಯುವವರೆಗೆ ತವರಿಗೆ ಕಳುಹಿಸಿ. ಅಲ್ಲಿಯೂ ಕುದಿಸಿದ ನೀರನ್ನೇ ಕುಡಿಯಲಿ. ಹಸಿವು ಇಂಗುವುದು, ವಾಕರಿಕೆ, ಮೂತ್ರ ಗಾಢ ಹಳದಿಯಾಗುವುದು ಕಂಡ ದಿನವೇ, ಕಣ್ಣು ಹಳದಿಯಾಗಲೆಂದು ಕಾಯದೆ, ಹೆರಿಗೆ ಮತ್ತು ತೀವ್ರ ನಿಗಾ ಎರಡೂ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಕಿರಿಯ ಮಗ. ದಾನವಾಗಿ ಬಂದ ಪ್ರತಿ ಚೀಲ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸುವುದು ಕಡ್ಡಾಯವಾದ್ದರಿಂದ ಅವನ ಸೋಂಕು ಬೆಳಕಿಗೆ ಬಂದಿದೆ, ಇಷ್ಟು ಬೇಗ ತಿಳಿದದ್ದು ಅವನ ಭಾಗ್ಯವೇ ಸರಿ. ಅದು ಅಣ್ಣನಿಂದ ಬಂದದ್ದಲ್ಲ. ಒಟ್ಟಿಗೆ ಉಂಡರೆ, ಅಪ್ಪಿಕೊಂಡರೆ, ಒಂದೇ ಲೋಟದಲ್ಲಿ ಚಹಾ ಕುಡಿದರೆ ಬಿ ವೈರಸ್ ಹರಡುವುದಿಲ್ಲ. ತಾಟನ್ನು ಇವತ್ತೇ ಒಂದು ಮಾಡಿ. ಬೇರೆ ಇಡಬೇಕಾದದ್ದು ಅವನ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿಗಳನ್ನು. ಗಾಯಕ್ಕೆ ಪಟ್ಟಿ ಕಟ್ಟಿರಬೇಕು. ಏಕೆಂದರೆ ಒಣಗಿದ ರಕ್ತದ ಕಲೆಯಲ್ಲಿಯೂ ಈ ವೈರಸ್ ಕನಿಷ್ಠ ಏಳು ದಿನ ಬದುಕಿರಬಲ್ಲದು. ಒಂದೇ ಸೂಜಿಯಲ್ಲಿ ಹಲವರಿಗೆ ಚುಚ್ಚುವ ಹಚ್ಚೆಯನ್ನು, ಅದು ಬನಶಂಕರಿ ಜಾತ್ರೆಯಲ್ಲಾಗಲಿ ಎಲ್ಲಮ್ಮನ ಗುಡ್ಡದಲ್ಲಾಗಲಿ, ಯಾರೂ ಹಾಕಿಸಿಕೊಳ್ಳಬಾರದೆನ್ನುವುದು ಇದೇ ಕಾರಣಕ್ಕೆ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ತೀರಿಕೊಂಡಾಗ ಕಂಡುಬಂದ ಮೂಲ, ಮತ್ತೆ ಮತ್ತೆ ಬಳಸಿದ ಸಿರಿಂಜುಗಳು. ಗುಳಿಗೆ ಸಾಲುವಲ್ಲಿಯೂ ‘ಒಂದು ಸೂಜಿ ಹಾಕಿಬಿಡ್ರಿ’ ಎಂದು ವೈದ್ಯರನ್ನು ಒತ್ತಾಯಿಸುವ ನಮ್ಮ ಕಡೆಯ ಚಾಳಿಗೂ ಇದು ಅನ್ವಯಿಸುತ್ತದೆ.

ತಮಗೆ ಕಷ್ಟವೆನಿಸಬಹುದಾದ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ. ದೊಡ್ಡವರಾದ ಮೇಲೆ ಬಿ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತೈದು ಜನ ಅದನ್ನು ಆರು ತಿಂಗಳೊಳಗೆ ಗೆದ್ದುಬಿಡುತ್ತಾರೆ; ಹುಟ್ಟುವಾಗ ಅಥವಾ ಕೂಸಾಗಿದ್ದಾಗ ತಗುಲಿದರೆ ಹತ್ತರಲ್ಲಿ ಒಂಬತ್ತು ಜನರಲ್ಲಿ ಅದು ಉಳಿದುಬಿಡುತ್ತದೆ. ಮಗನಲ್ಲಿ ಸೋಂಕು ಆರು ತಿಂಗಳ ನಂತರವೂ ಕಂಡರೆ, ಅದು ಬಾಲ್ಯದಿಂದಲೇ ಇದ್ದಿರುವ ಸಾಧ್ಯತೆ ಹೆಚ್ಚು. ಬಿ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೊದಲು ಕೆಲವೇ ಕಡೆ ಆರಂಭವಾಗಿ ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರ ಸುಮಾರಿಗೆ. ತಮ್ಮ ಮಕ್ಕಳ ಕಾಲಕ್ಕೆ ಅದು ಇರಲಿಲ್ಲ. ಆದ್ದರಿಂದ ತಾವು, ತಮ್ಮ ಯಜಮಾನರು, ಹಿರಿಯ ಮಗ, ಸೊಸೆ ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ, ಯಾರ ನಡತೆಯ ಪ್ರಶ್ನೆಯೂ ಇಲ್ಲ. ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಲಿ. ಸೊಸೆಯಲ್ಲಿ ಸೋಂಕು ಕಂಡರೂ ದಾರಿಯಿದೆ: ವೈರಸ್ಸಿನ ಪ್ರಮಾಣ ಹೆಚ್ಚಿದ್ದರೆ ಕೊನೆಯ ತಿಂಗಳುಗಳಲ್ಲಿ ಮಾತ್ರೆ, ಕೂಸು ಹುಟ್ಟಿದ ಮೇಲೆ ಹನ್ನೆರಡು ಗಂಟೆಯೊಳಗೆ, ವೈರಸ್ಸನ್ನು ಎದುರಿಸುವ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು. ಲಸಿಕೆಯ ಮೊದಲ ಡೋಸನ್ನಂತೂ ತಾಯಿಗೆ ಸೋಂಕಿರಲಿ ಇಲ್ಲದಿರಲಿ, ಇಪ್ಪತ್ನಾಲ್ಕು ಗಂಟೆಯೊಳಗೆ ಕೂಸಿಗೆ ಹಾಕಲೇಬೇಕು. ಮುಂದೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಅದು ಸೇರಿರುತ್ತದೆ.

ಬಿ ಸೋಂಕಿರುವ ಯಕೃತ್ತಿನ ಮೇಲೆ ಎ ಅಥವಾ ಇ ಬಂದು ಬಿದ್ದರೆ ರೋಗ ಉಲ್ಬಣಿಸಬಹುದು. ಕುದಿಸಿದ ನೀರಿನ ಕಟ್ಟುನಿಟ್ಟು ಸೊಸೆಯಷ್ಟೇ ಕಿರಿಯ ಮಗನಿಗೂ ಬೇಕೆಂದದ್ದು ಇದಕ್ಕಾಗಿ. ಎ ವೈರಸ್ಸಿಗೆ ಲಸಿಕೆ ಸಿಗುತ್ತದೆ, ಅವನ ವೈದ್ಯರನ್ನು ಕೇಳಿ. ಹಿರಿಯ ಮಗನ ರಕ್ತವನ್ನೂ ಎ, ಇ ಜೊತೆಗೆ ಬಿ ವೈರಸ್ಸಿಗಾಗಿ ನೋಡಿಸಿ. ಸಿ ವೈರಸ್ಸಿಗೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆಯಿಂದ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. ಡಿ ವೈರಸ್ ಬಿ ಇದ್ದವರಲ್ಲಿ ಮಾತ್ರ ಬರುವಂಥದು.

ಕಿರಿಯ ಮಗನಿಗೆ ಈಗಲೇ ಔಷಧ ಬೇಕೆಂದೇನೂ ಇಲ್ಲ. ವೈರಸ್ಸಿನ ಪ್ರಮಾಣ, ಯಕೃತ್ತಿನ ಸ್ಥಿತಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಆರಂಭಿಸಿದರೆ ಮಾತ್ರೆ ಬಹುಕಾಲ ನಡೆಯುತ್ತದೆ, ಮನಸ್ಸಿಗೆ ಬಂದಾಗ ನಿಲ್ಲಿಸುವಂತಿಲ್ಲ. ಔಷಧವಿರಲಿ ಇಲ್ಲದಿರಲಿ, ಯಕೃತ್ತು ಗಟ್ಟಿಯಾಗುವ ಮತ್ತು ಕ್ಯಾನ್ಸರಿಗೆ ತಿರುಗುವ ಭಯ ಇರುವುದರಿಂದ ವೈದ್ಯರು ಹೇಳಿದ ಅವಧಿಗೆ ತಪ್ಪದೆ ತಪಾಸಣೆಗೆ ಹೋಗುತ್ತಿರಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆ, ಔಷಧ ಉಚಿತ; ರಕ್ತನಿಧಿ ಕೊಟ್ಟ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಮದುವೆ ನಿಲ್ಲಿಸುವ ಕಾರಣವಿಲ್ಲ, ಮುಚ್ಚಿಟ್ಟು ಮಾಡುವುದು ಮಾತ್ರ ಅನ್ಯಾಯ. ‘ಬೀಗರು ಒಪ್ಪದಿದ್ದರೆ?’ ಎಂದು ಕೇಳಿದ್ದೀರಿ. ಒಪ್ಪದಿರಬಹುದು, ಆ ಹಕ್ಕು ಅವರದು. ಮಗನೇ ಹುಡುಗಿಗೆ ನೇರವಾಗಿ ಹೇಳಲಿ, ಬೇಕಿದ್ದರೆ ಎರಡೂ ಮನೆಯವರು ಒಟ್ಟಿಗೆ ವೈದ್ಯರ ಮುಂದೆ ಕುಳಿತು ಕೇಳಲಿ. ಹುಡುಗಿಯ ರಕ್ತ ಪರೀಕ್ಷೆಯಾಗಿ, ಸೋಂಕು ಇಲ್ಲದಿದ್ದರೆ ಲಸಿಕೆಯ ಮೊದಲ ಡೋಸು ಈಗ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೆಯ ತಿಂಗಳಿಗೆ. ಅದಾದ ಒಂದೆರಡು ತಿಂಗಳಲ್ಲಿ ರಕ್ಷಣೆ ಬಂದಿದೆಯೇ ಎಂದು ಮತ್ತೊಂದು ಪರೀಕ್ಷೆ. ಮದುವೆ ಅದಕ್ಕೆ ಮೊದಲೇ ನಡೆದರೆ ಆ ಪರೀಕ್ಷೆಯಲ್ಲಿ ರಕ್ಷಣೆ ಖಚಿತವಾಗುವವರೆಗೆ ಕಾಂಡೋಮ್ ಬಳಸಬೇಕು, ಖಚಿತವಾದ ಮೇಲೆ ಅವರ ಸಂಸಾರಕ್ಕೆ ಈ ವೈರಸ್ಸಿನ ಅಡ್ಡಿಯಿರುವುದಿಲ್ಲ.

— ಸಂಪಾದಕ